ದುಬಾರಿ ನಗರಕ್ಕೆ ಕೆಲಸದ ಪ್ರವಾಸ: ದಿನಭತ್ಯೆ ನಿಗದಿ ಮಾಡುವ ಬಗೆ

ಕಂಪನಿಯ ಪ್ರವಾಸ ನಿಯಮದಲ್ಲಿ ಎಲ್ಲ ಊರಿಗೂ ಒಂದೇ ದಿನಭತ್ಯೆ ಬರೆದಿದ್ದರೆ ಅದರ ಪೆಟ್ಟು ಬೀಳುವುದು ದುಬಾರಿ ನಗರಕ್ಕೆ ಹೋದವರ ಮೇಲೆ. ಕೊಟ್ಟ ದುಡ್ಡಿಗೆ ಕೆಲಸದ ಜಾಗದ ಹತ್ತಿರ ರೂಮು ಸಿಗದೆ ಅವರು ಊರಾಚೆ ಉಳಿಯುತ್ತಾರೆ, ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಕಳೆಯುತ್ತಾರೆ. ಇಲ್ಲವೇ ಕೈಯಿಂದ ಹಾಕಿ ಸುಮ್ಮನಾಗುತ್ತಾರೆ. ಎರಡೂ ಕಂಪನಿಗೆ ನಷ್ಟವೇ, ಆದರೆ ಎರಡೂ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಭತ್ಯೆ ನಿಗದಿ ಮಾಡುವವರಿಗಾಗಿ, ಅಂದರೆ ಸಣ್ಣ ಸಂಸ್ಥೆಯ ಮಾಲೀಕರು, ಲೆಕ್ಕಪತ್ರ ವಿಭಾಗದವರು, ಎಚ್‌ಆರ್‌ನವರಿಗಾಗಿ ಈ ಕ್ರಮವನ್ನು ಬರೆದಿದೆ. ಪ್ರವಾಸ ಹೊರಡುವವರೂ ಓದಿಕೊಂಡರೆ ಏನು ಕೇಳಬೇಕು, ಯಾವಾಗ ಕೇಳಬೇಕು ಎಂಬುದು ತಿಳಿಯುತ್ತದೆ.

ಮೊದಲೇ ಒಂದು ಮಾತು: ಕಚೇರಿಗಳಲ್ಲಿ ದಿನಭತ್ಯೆಗೂ ತುಟ್ಟಿಭತ್ಯೆಗೂ ‘ಡಿಎ’ ಎಂದೇ ಹೇಳುವ ರೂಢಿಯಿದೆ. ನಿಯಮದ ಬರಹದಲ್ಲಿ ಈ ಎರಡಕ್ಷರ ಬಳಸಬೇಡಿ. ದಿನಭತ್ಯೆ ಎಂದೇ ಬರೆಯಿರಿ.

ಮೊದಲು ಭತ್ಯೆಯನ್ನು ಒಡೆಯಿರಿ

ದಿನಕ್ಕೆ ಇಷ್ಟು ಎಂದು ಒಂದೇ ಮೊತ್ತ ಕೊಟ್ಟು ಅದರಲ್ಲೇ ರೂಮು, ಊಟ, ಓಡಾಟ ಎಲ್ಲ ಮುಗಿಸಿಕೊಳ್ಳಿ ಎನ್ನುವುದು ನೋಡಲು ಸುಲಭ. ದುಬಾರಿ ನಗರದಲ್ಲಿ ಅದು ಮುರಿದುಬೀಳುವುದಕ್ಕೆ ಕಾರಣ ಇಷ್ಟೇ: ರೂಮಿನ ಬಾಡಿಗೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಊಟದ ಬೆಲೆ ಹಾಗೆ ಏರಿಳಿಯುವುದಿಲ್ಲ. ಮಂಗಳವಾರ ಒಂದು ದರಕ್ಕೆ ಸಿಗುವ ರೂಮು ಮುಂದಿನ ಮಂಗಳವಾರ ಅದರ ಎರಡರಷ್ಟಾಗಬಹುದು. ಎದುರಿನ ಹೋಟೆಲಿನ ಮಧ್ಯಾಹ್ನದ ಊಟ ಮಾತ್ರ ಎರಡೂ ವಾರ ಒಂದೇ ಬೆಲೆಗೆ ಇರುತ್ತದೆ. ಎರಡನ್ನೂ ಒಂದೇ ಮೊತ್ತಕ್ಕೆ ಕಟ್ಟಿದರೆ ಬಾಡಿಗೆ ಏರಿದ ವಾರ ಉದ್ಯೋಗಿ ಊಟ ಬಿಟ್ಟು ರೂಮಿಗೆ ಕಟ್ಟಬೇಕಾಗುತ್ತದೆ.

ಹಾಗಾಗಿ ನಾಲ್ಕು ಭಾಗ ಮಾಡಿ. ರೂಮಿನ ಬಾಡಿಗೆ ಬಿಲ್ಲಿನಂತೆ, ಒಂದು ಮಿತಿಯೊಳಗೆ. ಊಟ, ತಿಂಡಿ ಮತ್ತು ಚಿಲ್ಲರೆ ಖರ್ಚು ದಿನಕ್ಕಿಷ್ಟು ಎಂದು ನಿಗದಿ, ಅದಕ್ಕೆ ಬಿಲ್ಲು ಬೇಡ. ಊರೊಳಗಿನ ಓಡಾಟ ಬಿಲ್ಲಿನಂತೆ. ಹೋಗಿಬರುವ ಟಿಕೆಟ್, ವೀಸಾ, ಪ್ರವಾಸ ವಿಮೆ ಕಂಪನಿಯೇ ನೇರವಾಗಿ ಕಟ್ಟುವುದು. ಅಮೆರಿಕದ ಕೇಂದ್ರ ಸರಕಾರ ತನ್ನ ನೌಕರರಿಗೆ ಹೆಚ್ಚುಕಡಿಮೆ ಇದೇ ಕ್ರಮ ಅನುಸರಿಸುತ್ತದೆ: ವಸತಿಗೆ ಮಿತಿಯೊಳಗಿನ ವಾಸ್ತವ ಖರ್ಚು, ಊಟ ಮತ್ತು ಚಿಲ್ಲರೆಗೆ ನಿಗದಿತ ಮೊತ್ತ. ವಿಶ್ವಸಂಸ್ಥೆಯದು ನೋಡಲು ಒಂದೇ ಮೊತ್ತ, ಆದರೆ ಅದರೊಳಗೂ ವಸತಿ, ಊಟ, ಚಿಲ್ಲರೆ ಎಂಬ ಪಾಲುಗಳಿವೆ. ವಸತಿಯನ್ನೋ ಊಟವನ್ನೋ ಆತಿಥೇಯರು ಕೊಟ್ಟರೆ ಆ ಪಾಲು ಕಡಿತವಾಗುತ್ತದೆ. ನೀವು ಒಂದೇ ಮೊತ್ತ ಕೊಡುವುದೆಂದು ಹಟ ಹಿಡಿದರೂ ಅದರ ಒಳಪಾಲುಗಳನ್ನು ಬರೆದಿಡಿ, ಮುಂದೆ ಕಡಿತ ಮಾಡುವಾಗ ಜಗಳವಿರುವುದಿಲ್ಲ.

ಊಟಕ್ಕೆ ಬಿಲ್ಲು ಯಾಕೆ ಬೇಡ ಎಂದು ಲೆಕ್ಕಪತ್ರದವರು ಕೇಳುತ್ತಾರೆ. ಒಂದು ಕಾಫಿ, ಒಂದು ನೀರಿನ ಬಾಟಲಿಯ ಚೀಟಿಯನ್ನು ಪ್ರವಾಸಿ ಜೋಪಾನ ಮಾಡಿ, ಅಂಟಿಸಿ, ಮೇಲಧಿಕಾರಿ ಸಹಿ ಹಾಕಿ, ಗುಮಾಸ್ತರು ನಮೂದಿಸುವ ಹೊತ್ತಿಗೆ ಆ ಕೆಲಸದ ಸಂಬಳವೇ ಕಾಫಿಯ ಬೆಲೆ ದಾಟಿರುತ್ತದೆ. ಮೂಗಿಗಿಂತ ಮೂಗುತಿ ಭಾರ. ಇನ್ನೊಂದು ಕಾರಣವೂ ಇದೆ: ನಿಗದಿತ ಮೊತ್ತವಾದರೆ ಪ್ರವಾಸಿ ತನಗೆ ಒಗ್ಗುವ ಊಟ ಹುಡುಕಿಕೊಳ್ಳಬಹುದು. ಉಳಿದದ್ದು ಅವರದು, ಹೆಚ್ಚು ಖರ್ಚಾದರೆ ಅದೂ ಅವರದೇ. ಉಳಿದ ಊಟದ ದುಡ್ಡನ್ನು ವಾಪಸು ಕೇಳುವ ನಿಯಮವಿದ್ದರೆ ಅದು ದಿನಭತ್ಯೆಯೇ ಅಲ್ಲ.

ರೂಮಿನ ಮಿತಿ: ನಿಜವಾದ ಕೆಲಸ ಇಲ್ಲಿದೆ

ಮಿತಿಯನ್ನು ಯಾರದೋ ಹಳೆಯ ಬಿಲ್ಲು ನೋಡಿ, ಅದಕ್ಕೆ ಹತ್ತು ಶೇಕಡಾ ಸೇರಿಸಿ ಹಾಕಬೇಡಿ. ಒಂದು ಮಧ್ಯಾಹ್ನ ಕೂತರೆ ಸರಿಯಾದ ಅಂಕಿ ಸಿಗುತ್ತದೆ.

ನಕ್ಷೆಯಲ್ಲಿ ಕೆಲಸದ ಜಾಗ ಗುರುತಿಸಿ. ಅದರ ಸುತ್ತ ಎಷ್ಟು ದೂರದವರೆಗೆ ಹೋಟೆಲು ಹುಡುಕಬೇಕು ಎಂಬುದನ್ನು ಕಿಲೋಮೀಟರಿನಲ್ಲಲ್ಲ, ಬೆಳಗಿನ ದಟ್ಟಣೆಯ ಹೊತ್ತಿನ ಪ್ರಯಾಣದ ನಿಮಿಷಗಳಲ್ಲಿ ಅಳೆಯಿರಿ. 30ರಿಂದ 40 ನಿಮಿಷ ಮೀರಬಾರದು. ದೊಡ್ಡ ನಗರದಲ್ಲಿ ನೇರ ರೈಲಿದ್ದರೆ 15 ಕಿಲೋಮೀಟರೂ ಈ ಸಮಯದಲ್ಲಿ ಮುಗಿಯುತ್ತದೆ, ರಸ್ತೆಯ ದಾರಿಯಾದರೆ ಐದೂ ಮುಗಿಯಲಿಕ್ಕಿಲ್ಲ. ಆ ವೃತ್ತದೊಳಗೆ ಸುರಕ್ಷಿತವಾದ, ಕೆಲಸ ಮಾಡಲು ಮೇಜು ಮತ್ತು ಇಂಟರ್ನೆಟ್ ಇರುವ, ಮಧ್ಯಮ ದರ್ಜೆಯ ಹತ್ತು ಹನ್ನೆರಡು ಹೋಟೆಲು ಆರಿಸಿ. ಪ್ರತಿಯೊಂದಕ್ಕೂ ಎರಡು ದರ ಬರೆದುಕೊಳ್ಳಿ: ಮೂರು ವಾರ ಮುಂಚೆ ಕಾದಿರಿಸಿದರೆ ಎಷ್ಟು, ಮೂರು ದಿನ ಮುಂಚೆ ಎಷ್ಟು. ವ್ಯಾಪಾರದ ನಗರಗಳಲ್ಲಿ ವಾರದ ನಡುವಿನ ರಾತ್ರಿಗಳೇ ದುಬಾರಿ, ಶನಿವಾರ ಭಾನುವಾರ ಅಗ್ಗ. ವಿಹಾರದ ಊರುಗಳಲ್ಲಿ ಇದು ತಿರುವುಮುರುವು. ನಿಮ್ಮವರು ಹೋಗುವುದು ವಾರದ ನಡುವೆಯಾದರೆ ಭಾನುವಾರದ ದರ ನೋಡಿ ಮಿತಿ ಹಾಕುವುದರಲ್ಲಿ ಅರ್ಥವಿಲ್ಲ.

ಬರೆದುಕೊಳ್ಳುವ ದರ ಕೊನೆಯಲ್ಲಿ ಕಟ್ಟುವ ಮೊತ್ತವಾಗಿರಲಿ. ಮೊದಲ ಪರದೆಯಲ್ಲಿ ಕಾಣುವುದು ಎಷ್ಟೋ ಕಡೆ ತೆರಿಗೆ, ನಗರ ತೆರಿಗೆ, ಸೇವಾ ಶುಲ್ಕ ಬಿಟ್ಟ ದರ. ಕೆಲವು ನಗರ ತೆರಿಗೆಗಳನ್ನು ಹೋಟೆಲಿನಲ್ಲೇ, ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಎಂದು ಕೈಯಲ್ಲಿ ವಸೂಲು ಮಾಡುತ್ತಾರೆ. ಮಿತಿ ತೆರಿಗೆ ಸೇರಿಯೋ ಬಿಟ್ಟೋ ಎಂಬುದನ್ನು ನಿಯಮದಲ್ಲಿ ಒಂದು ಸಾಲು ಬರೆಯಿರಿ. ಇದು ಸಣ್ಣ ವಿಷಯವಲ್ಲ. ಅಮೆರಿಕದ ಸರಕಾರಿ ನಿಯಮದಲ್ಲಿಯೇ ದೇಶದೊಳಗಿನ ನಗರಗಳ ವಸತಿ ಮಿತಿ ತೆರಿಗೆ ಬಿಟ್ಟು, ವಿದೇಶಿ ನಗರಗಳದು ತೆರಿಗೆ ಸೇರಿ. ಒಂದೇ ನಿಯಮ ಎಂದುಕೊಂಡು ಹೋದವರು ಎಡವುವುದು ಇಲ್ಲೇ.

ಈಗ ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯಿರಿ. ಯಾವ ದೇಶದ ಹಣಕ್ಕೂ ಹೊಂದುವಂತೆ ಇಲ್ಲಿ ಬರಿ ಅಂಕಿ ಇಟ್ಟುಕೊಳ್ಳೋಣ: 70, 74, 78, 82, 85, 90, 96, 100, 108, 115, 140, 210. ಸರಾಸರಿ 104. ಕೊನೆಯ ಆ ಒಂದು ಐಷಾರಾಮಿ ಹೋಟೆಲನ್ನು ತೆಗೆದುಬಿಟ್ಟರೆ ಸರಾಸರಿ 94ಕ್ಕೆ ಇಳಿಯುತ್ತದೆ. ಒಂದು ಹೋಟೆಲು ಸೇರಿದರೆ, ಬಿಟ್ಟರೆ ಇಷ್ಟು ಅಲುಗಾಡುವ ಅಂಕಿಯನ್ನು ನಂಬಬೇಡಿ. ನಟ್ಟನಡುವಿನ ದರ 93. ಅದು ಗಟ್ಟಿ ಅಂಕಿ, ಆದರೆ ಅದನ್ನೇ ಮಿತಿ ಮಾಡಿದರೆ ಅರ್ಧದಷ್ಟು ಹೋಟೆಲು ಮಿತಿಯ ಹೊರಗೆ ಉಳಿಯುತ್ತವೆ. ಅಗ್ಗದ ಅರ್ಧ ಮೊದಲು ತುಂಬಿಹೋಗುವುದರಿಂದ ತಡವಾಗಿ ಕಾದಿರಿಸುವವರಿಗೆ ಏನೂ ಸಿಗುವುದಿಲ್ಲ. ಸಾಲಿನ ಮೂರನೇ ಎರಡು ಭಾಗದಲ್ಲಿ ನಿಲ್ಲುವ ದರ ಹಿಡಿಯುವುದು ನಮ್ಮ ಸಲಹೆ. ಇಲ್ಲಿ ಅದು ಎಂಟನೆಯದು, 100. ಹನ್ನೆರಡರಲ್ಲಿ ಎಂಟು ಹೋಟೆಲು ಮಿತಿಯೊಳಗೆ ಬರುತ್ತವೆ, ಐಷಾರಾಮಿ ಹೊರಗೇ ಉಳಿಯುತ್ತದೆ. ನಿಮ್ಮವರು ಸಾಮಾನ್ಯವಾಗಿ ಎಷ್ಟು ಮುಂಚೆ ಕಾದಿರಿಸುತ್ತಾರೋ ಆ ದರಗಳ ಸಾಲಿನಿಂದಲೇ ಈ ಅಂಕಿ ತೆಗೆಯಿರಿ. ಸಭೆಗಳು ಕೊನೆ ಗಳಿಗೆಯಲ್ಲೇ ನಿಗದಿಯಾಗುವ ಕಂಪನಿ ಮೂರು ವಾರ ಮುಂಚಿನ ದರದಲ್ಲಿ ಮಿತಿ ಹಾಕುವುದು ಉದ್ಯೋಗಿಗೆ ಮಾಡುವ ಅನ್ಯಾಯ.

ವರ್ಷಕ್ಕೆಲ್ಲ ಒಂದೇ ಮಿತಿ ಸಾಲದು. ಅಮೆರಿಕದಲ್ಲಿ ಈ ದರಗಳನ್ನು ನಿಗದಿ ಮಾಡುವ ಜಿಎಸ್‌ಎ ಸಂಸ್ಥೆ ನ್ಯೂಯಾರ್ಕಿನಂಥ ನಗರಕ್ಕೆ ತಿಂಗಳು ನೋಡಿಕೊಂಡು ಬೇರೆ ಬೇರೆ ವಸತಿ ದರ ಪ್ರಕಟಿಸುತ್ತದೆ. ನೀವು ಹನ್ನೆರಡು ಅಂಕಿ ಇಡಬೇಕಾಗಿಲ್ಲ, ದುಬಾರಿ ತಿಂಗಳು ಮತ್ತು ಉಳಿದ ತಿಂಗಳು ಎಂದು ಎರಡು ಸಾಕು. ಅದಲ್ಲದೆ ಜಾತ್ರೆಯಂತೆ ಜನ ಸೇರುವ ವಾರಗಳಿವೆ: ಜನವರಿಯಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸಭೆ ನಡೆಯುವಾಗ ದಾವೋಸ್, ಮೊಬೈಲ್ ಸಮಾವೇಶದ ಹೊತ್ತಿನ ಬಾರ್ಸಿಲೋನಾ, ಕೈಗಾರಿಕಾ ಮೇಳದ ಹೊತ್ತಿನ ಹ್ಯಾನೋವರ್. ಅಂಥ ವಾರಕ್ಕೆ ಯಾವ ಮಿತಿಯೂ ನಿಲ್ಲುವುದಿಲ್ಲ. ಅದಕ್ಕೆ ಪೂರ್ವಾನುಮತಿಯ ದಾರಿ ತೆರೆದಿಡಿ: ಪ್ರವಾಸಿ ಮೂರು ಹೋಟೆಲಿನ ಆ ದಿನದ ದರದ ಪರದೆಚಿತ್ರ ಕಳಿಸುತ್ತಾರೆ, ಮೇಲಧಿಕಾರಿ ಒಂದೇ ದಿನದೊಳಗೆ ಒಪ್ಪಿಗೆ ಕೊಡುತ್ತಾರೆ, ಹೆಚ್ಚೆಂದರೆ ಮಿತಿಯ ಇಷ್ಟರಷ್ಟು ಎಂಬ ಮೇಲ್ಮಟ್ಟವಿರುತ್ತದೆ. ಅಮೆರಿಕದ ಸರಕಾರಿ ನಿಯಮದಲ್ಲಿ ವಿಶೇಷ ಸಂದರ್ಭಕ್ಕೆ 300 ಶೇಕಡಾದವರೆಗೆ ಅನುಮತಿ ಕೊಡಬಹುದು. ಒಪ್ಪಿಗೆಗೆ ಐದು ದಿನ ಹಿಡಿದರೆ ಆ ಐದು ದಿನದಲ್ಲಿ ರೂಮಿನ ದರ ಮತ್ತೆ ಏರಿರುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಸಾಲು ನಿಯಮದಲ್ಲಿ ಇರಲೇಬೇಕು: ಮಿತಿ ಒಂದೊಂದು ರಾತ್ರಿಗೋ, ಒಟ್ಟು ವಾಸಕ್ಕೋ? ಮೂರು ರಾತ್ರಿಯ ದರ 94, 94, 112 ಎಂದುಕೊಳ್ಳಿ. ರಾತ್ರಿ ಲೆಕ್ಕದಲ್ಲಿ ಮಿತಿ 100 ಇದ್ದರೆ ಮೂರನೇ ರಾತ್ರಿಯ 12 ಉದ್ಯೋಗಿಯ ತಲೆಗೆ ಬರುತ್ತದೆ. ಒಟ್ಟು ವಾಸದ ಲೆಕ್ಕದಲ್ಲಿ 300ಕ್ಕೆ 300 ಸರಿಹೋಗುತ್ತದೆ. ಒಟ್ಟು ವಾಸದ ಲೆಕ್ಕವೇ ಸರಿ. ರಾತ್ರಿಯ ಲೆಕ್ಕ ಹಿಡಿದರೆ ಜನ 12 ಉಳಿಸಲು ಮೂರನೇ ದಿನ ಹೋಟೆಲು ಬದಲಾಯಿಸಿ, ಅದಕ್ಕಿಂತ ಹೆಚ್ಚಿನ ಟ್ಯಾಕ್ಸಿ ಬಿಲ್ಲು ತರುತ್ತಾರೆ.

ಸ್ನೇಹಿತರ, ನೆಂಟರ ಮನೆಯಲ್ಲಿ ಉಳಿದವರಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೂರ್ತಿ ಮಿತಿ ಕೊಡುವುದು ತಪ್ಪು, ಏನೂ ಕೊಡದಿರುವುದೂ ಅಷ್ಟು ಚೆನ್ನಲ್ಲ. ಜರ್ಮನಿಯಲ್ಲಿ ದೇಶದೊಳಗಿನ ಪ್ರವಾಸಕ್ಕೆ ರಸೀದಿಯಿಲ್ಲದೆಯೂ ಮಾಲೀಕರು ರಾತ್ರಿಗೆ 20 ಯೂರೊ ತೆರಿಗೆಯಿಲ್ಲದೆ ಕೊಡಬಹುದು. ಆ ಬಗೆಯ ಸಣ್ಣ ನಿಗದಿತ ಮೊತ್ತ ಇಡಿ. ಇಬ್ಬರನ್ನು ಒಂದೇ ರೂಮಿನಲ್ಲಿರಿ ಎಂದು ಒತ್ತಾಯ ಮಾಡಿ ಮಿತಿ ಉಳಿಸುವುದು ಮಾತ್ರ ಬೇಡ. ದಿನವಿಡೀ ಕೆಲಸ ಮಾಡಿದವರಿಗೆ ರಾತ್ರಿಯಾದರೂ ತಮ್ಮದೊಂದು ಬಾಗಿಲು ಬೇಕು.

ಊಟದ ದರ

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಎರಡು ಬಾರಿ ಕಾಫಿ ಅಥವಾ ಚಹಾ, ಕುಡಿಯುವ ನೀರು: ಇಷ್ಟರ ಬುಟ್ಟಿ ಕಟ್ಟಿ. ಹೋಟೆಲಿನಿಂದ ಮತ್ತು ಕೆಲಸದ ಜಾಗದಿಂದ ಹತ್ತು ನಿಮಿಷ ನಡೆದರೆ ಸಿಗುವ, ಕೂತು ಉಣ್ಣುವ ಐದಾರು ಸಾಧಾರಣ ಊಟದ ಮನೆಗಳ ಮೆನು ಅಂತರ್ಜಾಲದಲ್ಲೇ ಸಿಗುತ್ತದೆ. ಮೆನುವಿನ ಬೆಲೆಗೆ ತೆರಿಗೆ ಸೇರಿದೆಯೇ, ಟಿಪ್ಸು ಕೊಡುವುದು ಆ ದೇಶದಲ್ಲಿ ಕಡ್ಡಾಯದಂತೆಯೇ ನಡೆಯುತ್ತದೆಯೇ ನೋಡಿ. ಅಮೆರಿಕದಲ್ಲಿ ಮೆನುವಿನ ಬೆಲೆಯ ಮೇಲೆ ಮಾರಾಟ ತೆರಿಗೆ, ಅದರ ಮೇಲೆ 15ರಿಂದ 20 ಶೇಕಡಾ ಟಿಪ್ಸು ಬೀಳುತ್ತದೆ. ಬರಿ ಮೆನು ನೋಡಿ ದರ ಹಾಕಿದರೆ ಪ್ರತಿ ಊಟಕ್ಕೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕೊರತೆ ಬೀಳುತ್ತದೆ.

ಮೂರು ಹೊತ್ತಿನ ಪಾಲನ್ನೂ ಬರೆದಿಡಿ. ಜರ್ಮನಿಯ ಪಾಲು ಸರಳ: ತಿಂಡಿಗೆ 20 ಶೇಕಡಾ, ಎರಡು ಊಟಕ್ಕೆ ತಲಾ 40. ಜಿಎಸ್‌ಎ 2025ರ ಆರ್ಥಿಕ ವರ್ಷಕ್ಕೆ ಇಟ್ಟ ಅತಿ ಹೆಚ್ಚಿನ ದರ 92 ಡಾಲರ್, ಅದರಲ್ಲಿ ತಿಂಡಿಗೆ 23, ಮಧ್ಯಾಹ್ನಕ್ಕೆ 26, ರಾತ್ರಿಗೆ 38, ಚಿಲ್ಲರೆಗೆ 5. ಯಾವುದನ್ನು ಅನುಸರಿಸಿದರೂ ಆಗುತ್ತದೆ. ಲೆಕ್ಕ ಬಾಯಲ್ಲೇ ಆಗಬೇಕಾದರೆ 20-40-40 ಒಳ್ಳೆಯದು.

ಹುದ್ದೆ ನೋಡಿ ರೂಮಿನ ಮಿತಿ ಬದಲಿಸುವ ಕಂಪನಿಗಳಿವೆ, ಅದು ಅವರವರ ಇಷ್ಟ. ಊಟದ ದರವನ್ನು ಹುದ್ದೆಯ ಮೇಲೆ ಇಳಿಸಬೇಡಿ. ಆ ನಗರದ ಹೋಟೆಲಿನವರು ಹುದ್ದೆ ಕೇಳಿ ಅನ್ನ ಬಡಿಸುವುದಿಲ್ಲ. ಕಡಿಮೆ ಸಂಬಳದವರಿಗೆ ಕಡಿಮೆ ಊಟದ ಭತ್ಯೆ ಕೊಟ್ಟರೆ ಕೈಯಿಂದ ಹಾಕುವ ಹೊರೆ ಅದನ್ನು ತೀರ ತಾಳಲಾರದವರ ಮೇಲೆಯೇ ಬೀಳುತ್ತದೆ.

ಹೊರಡುವ ದಿನ, ಮರಳುವ ದಿನ

ಹೆಚ್ಚಿನ ತಕರಾರು ಹುಟ್ಟುವುದು ಅರ್ಧ ದಿನಗಳಲ್ಲಿ. ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಬೇರೆ ಬೇರೆ. ಅಮೆರಿಕದ ಸರಕಾರಿ ನಿಯಮದಲ್ಲಿ ಮೊದಲ ಮತ್ತು ಕೊನೆಯ ದಿನಕ್ಕೆ ಊಟದ ದರದ 75 ಶೇಕಡಾ, ಎಷ್ಟು ಹೊತ್ತಿಗೆ ಹೊರಟರೂ ಅಷ್ಟೇ. ಜರ್ಮನಿಯಲ್ಲಿ ದೇಶದೊಳಗಿನ ಪೂರ್ತಿ ದಿನಕ್ಕೆ 28 ಯೂರೊ, ರಾತ್ರಿ ಹೊರಗೆ ಉಳಿಯುವ ಪ್ರವಾಸದ ಮೊದಲ ಮತ್ತು ಕೊನೆಯ ದಿನಕ್ಕೆ 14. ರಾತ್ರಿ ಉಳಿಯದೆ ಅಂದೇ ಮರಳಿದರೂ 8 ಗಂಟೆಗಿಂತ ಹೆಚ್ಚು ಹೊರಗಿದ್ದರೆ 14. ಬ್ರಿಟನ್ನಿನ ತೆರಿಗೆ ಇಲಾಖೆ ಒಪ್ಪುವ ಮಾನದಂಡ ದರ ಗಂಟೆಯ ಮೇಲೆ ನಡೆಯುತ್ತದೆ: 5 ಗಂಟೆಗೆ 5 ಪೌಂಡ್, 10 ಗಂಟೆಗೆ 10, 15 ಗಂಟೆ ದಾಟಿ ರಾತ್ರಿ 8ರ ಹೊತ್ತಿಗೂ ಪ್ರವಾಸ ಮುಗಿಯದಿದ್ದರೆ 25.

ವ್ಯತ್ಯಾಸ ನೋಡಿ. ಊಟದ ದರ 100 ಎಂದಿಟ್ಟುಕೊಂಡು, ಸೋಮವಾರ ಸಂಜೆ ಹೊರಟು ಗುರುವಾರ ರಾತ್ರಿ ಮರಳಿದವರಿಗೆ 75 ಶೇಕಡಾ ಕ್ರಮದಲ್ಲಿ 350 ಸಿಗುತ್ತದೆ, ಅರ್ಧರ್ಧ ಕ್ರಮದಲ್ಲಿ 300. ಗಂಟೆಯ ಲೆಕ್ಕ ನ್ಯಾಯದಂತೆ ಕಾಣುತ್ತದೆ, ಆದರೆ ಬಂಡಿ ತಡವಾದಾಗಲೆಲ್ಲ ಹತ್ತು ನಿಮಿಷಕ್ಕೆ ವಾದ ಶುರುವಾಗುತ್ತದೆ. ಸಣ್ಣ ಸಂಸ್ಥೆಗೆ 75 ಶೇಕಡಾ ಕ್ರಮವೇ ಮೇಲು. ಗಡಿಯಾರ ನೋಡುವ ಕೆಲಸವೇ ಇಲ್ಲ, ಎರಡು ದಿನಾಂಕ ಸಾಕು.

ಯಾವ ಕ್ರಮ ಹಿಡಿದರೂ ಪ್ರವಾಸ ಎಲ್ಲಿಂದ ಶುರು ಎಂದು ಬರೆಯಿರಿ. ಮನೆಯ ಅಥವಾ ಕಚೇರಿಯ ಬಾಗಿಲಿನಿಂದ ಎಂಬುದು ಸರಿಯಾದ ಉತ್ತರ. ವಿಮಾನ ಹೊರಡುವ ಸಮಯದಿಂದ ಎಂದರೆ ನಿಲ್ದಾಣಕ್ಕೆ ಹೋಗುವ, ಕಾಯುವ ನಾಲ್ಕು ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ರಾತ್ರಿಯಿಡೀ ಪ್ರಯಾಣವಾದರೆ ರೂಮಿನ ಬಾಡಿಗೆ ಇಲ್ಲ, ಊಟದ ಭತ್ಯೆ ಉಂಟು. ಬೆಳಗಿನ ಜಾವ ಬಂದಿಳಿದು ಒಂಬತ್ತಕ್ಕೆ ಸಭೆಗೆ ಕೂರಬೇಕಾದರೆ ಹಿಂದಿನ ರಾತ್ರಿಯ ರೂಮನ್ನೇ ಕಾದಿರಿಸಿ, ಅದು ದುಂದಲ್ಲ. ಹೆಚ್ಚಿನ ಹೋಟೆಲುಗಳು ರೂಮು ಕೊಡುವುದು ಮಧ್ಯಾಹ್ನದ ಮೇಲೆ.

ಒಂದೇ ಪ್ರವಾಸದಲ್ಲಿ ಎರಡು ಮೂರು ನಗರವಿದ್ದರೆ ಯಾವ ದಿನಕ್ಕೆ ಯಾವ ದರ? ಜರ್ಮನಿಯ ವಿದೇಶ ಪ್ರವಾಸದ ನಿಯಮ ಇಲ್ಲಿ ಬಲು ಸೊಗಸು: ಅಲ್ಲಿನ ಹೊತ್ತಿನ ಪ್ರಕಾರ ಮಧ್ಯರಾತ್ರಿಗೆ ಮುಂಚೆ ಕೊನೆಗೆ ತಲುಪಿದ ಸ್ಥಳದ ದರ ಆ ದಿನಕ್ಕೆ, ಊರಿಗೆ ಮರಳುವ ದಿನಕ್ಕೆ ವಿದೇಶದಲ್ಲಿ ಕೊನೆಗೆ ಕೆಲಸ ಮಾಡಿದ ಸ್ಥಳದ ದರ. ಹಾಗೆಯೇ ಎತ್ತಿಕೊಳ್ಳಬಹುದು. ಒಂದು ವಿನಾಯಿತಿ ಸೇರಿಸಿ: ದುಬಾರಿ ನಗರದೊಳಗೆ ಕೆಲಸ ಮಾಡಿ ಪಕ್ಕದ ಅಗ್ಗದ ಊರಿನಲ್ಲಿ ಮಲಗುವವರಿಗೆ ಊಟದ ದರ ನಗರದ್ದೇ ಇರಲಿ. ಅವರು ಮಧ್ಯಾಹ್ನ ಉಣ್ಣುವುದು ನಗರದಲ್ಲಿ.

ಬೇರೆಯವರು ಹಾಕಿದ ಊಟ

ರೂಮಿನ ಬಾಡಿಗೆಯಲ್ಲೇ ತಿಂಡಿ ಸೇರಿದ್ದರೆ, ಸಮ್ಮೇಳನದ ಶುಲ್ಕದಲ್ಲಿ ಮಧ್ಯಾಹ್ನದ ಊಟವಿದ್ದರೆ, ಆ ಹೊತ್ತಿನ ಪಾಲನ್ನಷ್ಟೇ ಕಳೆಯಿರಿ. ಒಂದು ಊಟ ಸಿಕ್ಕಿತೆಂದು ಇಡೀ ದಿನದ ಭತ್ಯೆ ಕಿತ್ತುಕೊಳ್ಳುವ ನಿಯಮಗಳಿವೆ, ಅವು ಜನರನ್ನು ಸುಳ್ಳು ಹೇಳಿಸುತ್ತವೆ. ದರ 100 ಇದ್ದು ತಿಂಡಿ ಮತ್ತು ಒಂದು ಊಟ ಸಿಕ್ಕಿದ್ದರೆ 100ರಲ್ಲಿ 20, 40 ಕಳೆದು 40 ಕೊಡಬೇಕು. ಮೊದಲ ದಿನ, ಕೊನೆಯ ದಿನಗಳಲ್ಲಿ ಕಡಿತ ಹೇಗೆ? ಜರ್ಮನಿಯಲ್ಲಿ ಕಡಿತ ಯಾವಾಗಲೂ ಪೂರ್ತಿ ದಿನದ ದರದ ಮೇಲೆ, ಮೊತ್ತ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ ಅಷ್ಟೇ. 14 ಯೂರೊ ಸಿಗುವ ದಿನ ರಾತ್ರಿಯ ಊಟ ಸಿಕ್ಕಿದರೆ 11.20 ಹೋಗಿ 2.80 ಉಳಿಯುತ್ತದೆ. ಅರ್ಧ ಭತ್ಯೆಯ ದಿನ ಇದು ಬಿಗಿ ಎನಿಸುತ್ತದೆ. 75 ಶೇಕಡಾ ಕ್ರಮದಲ್ಲಾದರೆ ಅಷ್ಟು ನೋಯುವುದಿಲ್ಲ.

ವಿಮಾನದಲ್ಲಿ ಕೊಡುವ ಊಟ, ಹೋಟೆಲು ಎಲ್ಲರಿಗೂ ಉಚಿತವಾಗಿ ಇಡುವ ತಿಂಡಿ ಇವಕ್ಕೆ ಅಮೆರಿಕದ ನಿಯಮದಲ್ಲಿ ಕಡಿತವಿಲ್ಲ. ನೀವು ಕಡಿತ ಮಾಡಿದರೂ ಬಿಟ್ಟರೂ ಸರಿ, ಮುಂಚೆಯೇ ಬರೆದಿರಬೇಕು. ಗಮನವಿಡಬೇಕಾದದ್ದು ಅತಿಥಿ ಸತ್ಕಾರದ ಬಿಲ್ಲು: ಗ್ರಾಹಕರನ್ನು ಊಟಕ್ಕೆ ಕರೆದೊಯ್ದ ಬಿಲ್ಲನ್ನು ಕಂಪನಿ ಕಟ್ಟಿದಾಗ ಅದರಲ್ಲಿ ಪ್ರವಾಸಿಯ ಊಟವೂ ಇರುತ್ತದೆ. ಆ ರಾತ್ರಿಯ ಪಾಲು ಭತ್ಯೆಯಿಂದ ಕಳೆಯದಿದ್ದರೆ ಒಂದೇ ಊಟಕ್ಕೆ ಎರಡು ಬಾರಿ ದುಡ್ಡು ಹೋದಂತೆ. ಲೆಕ್ಕ ಪರಿಶೋಧಕರು ಮೊದಲು ಕೈಯಿಡುವುದು ಇಲ್ಲಿಗೇ.

ಚಿಲ್ಲರೆ ಖರ್ಚು ಮತ್ತು ಓಡಾಟ

ಸಾಮಾನು ಹೊರುವವರಿಗೆ, ರೂಮು ಸ್ವಚ್ಛ ಮಾಡುವವರಿಗೆ ಕೊಡುವ ಟಿಪ್ಸು, ಇಂಥವು ಚಿಲ್ಲರೆಯೊಳಗೆ. ಬಟ್ಟೆ ಒಗೆಸುವುದು ಹೊರಗೆ, ನಾಲ್ಕು ರಾತ್ರಿ ದಾಟಿದ ಮೇಲೆ ಬಿಲ್ಲಿನಂತೆ. ಫೋನಿನ ರೋಮಿಂಗ್ ಅಥವಾ ಸ್ಥಳೀಯ ಸಿಮ್ ಹೊರಗೆ. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಖರ್ಚು ದೊಡ್ಡ ನಗರಗಳಲ್ಲಿ ಒಂದು ದಿನದ ಊಟದ ಭತ್ಯೆಯನ್ನೇ ನುಂಗಬಲ್ಲದು, ಅದು ಕಡ್ಡಾಯವಾಗಿ ಹೊರಗೆ. ಊರೊಳಗೆ ರೈಲು, ಬಸ್ಸು ಚೆನ್ನಾಗಿದ್ದರೆ ದಿನದ ಪಾಸು ಸಾಮಾನ್ಯ ನಿಯಮವಾಗಿರಲಿ. ರಾತ್ರಿ ಹತ್ತರ ಮೇಲೆ, ಭಾರದ ಸಾಮಾನಿದ್ದಾಗ, ಆರೋಗ್ಯದ ಕಾರಣವಿದ್ದಾಗ ಕೇಳದೆಯೇ ಟ್ಯಾಕ್ಸಿ.

ಮುಂಗಡ, ಕಾರ್ಡು, ವಿನಿಮಯ ದರ

ಕಂಪನಿಯ ಕೆಲಸಕ್ಕೆ ಉದ್ಯೋಗಿ ಸಾಲ ಕೊಡಬೇಕಾಗಿ ಬರಬಾರದು. ಆದರೆ ಖರ್ಚು ಮಾಡಿ ಬನ್ನಿ, ಆಮೇಲೆ ಕೊಡುತ್ತೇವೆ ಎಂಬುದು ಅದೇ. ರೂಮಿನ ಬಾಡಿಗೆಯನ್ನು ಕಂಪನಿಯೇ ಹೋಟೆಲಿಗೆ ಮುಂಚಿತವಾಗಿ ಕಟ್ಟಲಿ. ಊಟದ ಭತ್ಯೆ ಪೂರ್ತಿ, ಓಡಾಟದ ಅಂದಾಜು ಮೊತ್ತ, ಹೊರಡುವ ಮೂರು ಕೆಲಸದ ದಿನ ಮುಂಚೆ ಖಾತೆಗೆ ಬೀಳಲಿ.

ಬಾಡಿಗೆ ಕಟ್ಟಿದ್ದರೂ ಹೋಟೆಲಿನವರು ಒಳಗೆ ಬಿಡುವಾಗ ಕಾರ್ಡಿನ ಮೇಲೆ ಒಂದಷ್ಟು ಮೊತ್ತ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಾದರೆ ಅಷ್ಟು ಮಿತಿ ಕಡಿಮೆಯಾಗುತ್ತದೆ. ಡೆಬಿಟ್ ಕಾರ್ಡಾದರೆ ಉದ್ಯೋಗಿಯ ಸ್ವಂತ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತದೆ, ರೂಮು ಬಿಟ್ಟ ಮೇಲೂ ಕೆಲವು ದಿನ ವಾಪಸು ಬರುವುದಿಲ್ಲ. ಕಂಪನಿಯ ಕಾರ್ಡು ಕೊಡಿ, ಇಲ್ಲವಾದರೆ ತಡೆಹಿಡಿಯುವ ಮೊತ್ತವನ್ನು ಹೋಟೆಲಿಗೆ ಫೋನು ಮಾಡಿ ಕೇಳಿ ಮುಂಗಡಕ್ಕೆ ಸೇರಿಸಿ. ಹೊಸಬರು ಅಪರಿಚಿತ ನಗರದ ಹೋಟೆಲಿನ ಮುಂಗಟ್ಟೆಯಲ್ಲಿ ಪೇಚಿಗೆ ಸಿಲುಕುವುದು ಬಹುಪಾಲು ಈ ಒಂದು ಕಾರಣಕ್ಕೆ.

ವಿದೇಶವಾದರೆ ಊಟದ ದರವನ್ನು ಆ ನಗರದ ಹಣದಲ್ಲೇ ನಿಗದಿ ಮಾಡಿ. ಸ್ವದೇಶದ ಹಣದಲ್ಲಿ ಬರೆದರೆ ವಿನಿಮಯ ದರ ಬಿದ್ದ ದಿನ ಊಟ ಸಣ್ಣದಾಗುತ್ತದೆ. ಬಿಲ್ಲಿನಂತೆ ಕೊಡುವ ಖರ್ಚಿಗೆ ಕಾರ್ಡಿನ ಲೆಕ್ಕಪಟ್ಟಿಯಲ್ಲಿ ಬಂದ ದರವೇ ಪ್ರಮಾಣ. ನಗದಾದರೆ ಹಣ ಬದಲಾಯಿಸಿದ ರಸೀದಿಯ ದರ. ಕಾರ್ಡಿನ ವಿದೇಶಿ ಶುಲ್ಕ, ಎಟಿಎಂ ಶುಲ್ಕ ಕಂಪನಿಯ ಖರ್ಚು ಎಂದು ಬರೆಯಿರಿ. ಪ್ರವಾಸಿಗೆ ಒಂದು ಸೂಚನೆ ಕೊಡಿ: ಕಾರ್ಡು ಉಜ್ಜಿದಾಗ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ಟುವಿರಾ’ ಎಂದು ಕೇಳಿದರೆ ಬೇಡ ಎನ್ನಬೇಕು, ಸ್ಥಳೀಯ ಹಣವನ್ನೇ ಆರಿಸಬೇಕು. ಆ ಯಂತ್ರದ ಹಿಂದಿನವರು ಹಾಕುವ ದರ ಸಾಮಾನ್ಯವಾಗಿ ಕಾರ್ಡಿನ ದರಕ್ಕಿಂತ ದುಬಾರಿ.

ಒಂದು ಪ್ರವಾಸದ ಲೆಕ್ಕ

ಮೇಲೆ ಹೇಳಿದ್ದನ್ನೆಲ್ಲ ಒಂದೆಡೆ ಇಟ್ಟು ನೋಡೋಣ. ನಾಲ್ಕು ದಿನ, ಮೂರು ರಾತ್ರಿ. ರೂಮಿನ ಮಿತಿ ತೆರಿಗೆ ಸೇರಿ ರಾತ್ರಿಗೆ 100, ಒಟ್ಟು ವಾಸದ ಲೆಕ್ಕ. ಊಟದ ದರ ದಿನಕ್ಕೆ 30, ಪಾಲು 20-40-40, ಅಂದರೆ 6, 12, 12. ಬಾಡಿಗೆಯಲ್ಲಿ ತಿಂಡಿ ಸೇರಿದೆ, ಮೂರನೇ ದಿನ ರಾತ್ರಿ ಗ್ರಾಹಕರು ಊಟ ಹಾಕುತ್ತಾರೆ.

ಮೊದಲ ದಿನ: 30ರ 75 ಶೇಕಡಾ, 22.50.
ಎರಡನೇ ದಿನ: 30ರಲ್ಲಿ ತಿಂಡಿಯ 6 ಕಳೆದು 24.
ಮೂರನೇ ದಿನ: ತಿಂಡಿಯ 6, ರಾತ್ರಿಯ 12 ಕಳೆದು 12.
ನಾಲ್ಕನೇ ದಿನ: 22.50ರಲ್ಲಿ ತಿಂಡಿಯ 6 ಕಳೆದು 16.50.

ಊಟದ್ದು ಒಟ್ಟು 75. ರೂಮಿನದು 94, 94, 112 ಸೇರಿ 300. ಓಡಾಟದ ಅಂದಾಜು 15. ಹೊರಡುವ ಮುಂಚೆಯೇ ಒಟ್ಟು 390 ಎಂದು ಗೊತ್ತಾಗುತ್ತದೆ. ಮರಳಿದ ಮೇಲೆ ಓಡಾಟಕ್ಕೆ 14ರ ಬಿಲ್ಲು ಬಂದರೆ 1 ವಾಪಸು, ಲೆಕ್ಕ ಚುಕ್ತಾ. ಅರ್ಜಿಯಲ್ಲಿ ಇರಬೇಕಾದದ್ದು ಇಷ್ಟೇ: ಹೊರಟ ದಿನ, ಮರಳಿದ ದಿನ, ನಗರ, ಕೆಲಸದ ಉದ್ದೇಶ, ರೂಮಿನ ಬಿಲ್ಲು, ಓಡಾಟದ ಬಿಲ್ಲುಗಳು, ಯಾವ ದಿನ ಯಾವ ಹೊತ್ತಿನ ಊಟ ಬೇರೆಯವರು ಕೊಟ್ಟರು ಎಂದು ಗುರುತು ಹಾಕುವ ಚೌಕಗಳು. ಚೌಕಗಳಿಲ್ಲದ ಅರ್ಜಿಯಲ್ಲಿ ಸಿಕ್ಕ ಊಟವನ್ನು ಯಾರೂ ತಾವಾಗಿ ಬರೆಯುವುದಿಲ್ಲ. ಅವರು ಮೋಸಗಾರರೆಂದಲ್ಲ, ಬರೆಯಲು ಜಾಗವೇ ಇರುವುದಿಲ್ಲ.

ತೆರಿಗೆ, ದೀರ್ಘ ವಾಸ

ಹಲವು ದೇಶಗಳು ದಿನಭತ್ಯೆಗೆ ತೆರಿಗೆಯಿಲ್ಲದ ಮಿತಿಯನ್ನು ತಮ್ಮದೇ ರೀತಿಯಲ್ಲಿ ಇಟ್ಟಿರುತ್ತವೆ. ಮಿತಿ ಮೀರಿದ ಭಾಗ ಸಂಬಳವೆನಿಸಿ ತೆರಿಗೆಗೆ ಒಳಪಡಬಹುದು. ದುಬಾರಿ ನಗರಕ್ಕೆ ನೀವು ಕೊಡಬೇಕಾದ ನ್ಯಾಯವಾದ ದರ ಈ ಮಿತಿಗಿಂತ ಹೆಚ್ಚಿದ್ದರೆ ದರ ಇಳಿಸಬೇಡಿ, ಹೆಚ್ಚಿನ ಭಾಗದ ತೆರಿಗೆ ಯಾರು ಕಟ್ಟುವುದು ಎಂದು ತೀರ್ಮಾನಿಸಿ. ಜರ್ಮನಿಯಲ್ಲಿ ಇದಕ್ಕೊಂದು ದಾರಿಯಿದೆ: ನಿಗದಿತ ದರದ ಎರಡರಷ್ಟರವರೆಗೆ ಕೊಟ್ಟರೆ ಹೆಚ್ಚುವರಿ ಭಾಗಕ್ಕೆ ಮಾಲೀಕರೇ 25 ಶೇಕಡಾ ತೆರಿಗೆ ಕಟ್ಟಿ ಮುಗಿಸಬಹುದು. ಲೆಕ್ಕ ಒಪ್ಪಿಸುವ ಗಡುವೂ ತೆರಿಗೆಗೆ ಅಂಟಿಕೊಂಡಿರುತ್ತದೆ. ಅಮೆರಿಕದ ಆದಾಯ ತೆರಿಗೆ ಇಲಾಖೆ ಸೂಕ್ತವೆಂದು ಒಪ್ಪುವ ಅವಧಿ: ಖರ್ಚಿಗೆ 30 ದಿನದೊಳಗೆ ಮುಂಗಡ, ಖರ್ಚಾದ 60 ದಿನದೊಳಗೆ ಲೆಕ್ಕ, 120 ದಿನದೊಳಗೆ ಉಳಿಕೆ ವಾಪಸು. ನಿಮ್ಮ ಗಡುವು ಇದಕ್ಕಿಂತ ಬಿಗಿಯಾಗಿರಲಿ, ಮರಳಿದ ಹತ್ತು ದಿನ ಸಾಕಷ್ಟಾಯಿತು.

ವಾಸ ಉದ್ದವಾದರೆ ದರ ಇಳಿಸುವ ಪದ್ಧತಿ ಹಲವೆಡೆ ಇದೆ. ವಿಶ್ವಸಂಸ್ಥೆಯಲ್ಲಿ 60 ದಿನದ ಮೇಲೆ ಬೇರೆ, ಕಡಿಮೆ ದರ. ಜರ್ಮನಿಯಲ್ಲಿ ಒಂದೇ ಜಾಗದಲ್ಲಿ ಮೂರು ತಿಂಗಳಾದರೆ ತೆರಿಗೆಯಿಲ್ಲದ ಊಟದ ಭತ್ಯೆ ನಿಂತುಹೋಗುತ್ತದೆ. ಇದರ ಹಿಂದಿನ ತರ್ಕ ಸರಿ, ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಖರ್ಚು ತಗ್ಗುತ್ತದೆ. ಆದರೆ ಮನೆ ಹಿಡಿದುಕೊಟ್ಟ ಮೇಲೆ ದರ ಇಳಿಸಿ, ಹೋಟೆಲಿನಲ್ಲೇ ಇಟ್ಟುಕೊಂಡು ಇಳಿಸಬೇಡಿ.

ಮಿತಿ ಸರಿಯಿಲ್ಲ ಎಂಬುದು ಹೇಗೆ ತಿಳಿಯುತ್ತದೆ

ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ, ಅದೇ ಹನ್ನೆರಡು ಹೋಟೆಲು ಮತ್ತು ಅದೇ ಊಟದ ಬುಟ್ಟಿಯ ಬೆಲೆ ಮತ್ತೆ ತೆಗೆಯಿರಿ. ಹೋಟೆಲುಗಳ ಪಟ್ಟಿ ಬದಲಾದರೆ ಹೋಲಿಕೆ ಕೆಡುತ್ತದೆ, ಮುಚ್ಚಿಹೋದ ಹೋಟೆಲಿಗೆ ಬದಲಿ ಅದೇ ದರ್ಜೆಯದಾಗಿರಲಿ. ಜಿಎಸ್‌ಎ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸ ದರ ಜಾರಿ ಮಾಡುತ್ತದೆ, ವಿಶ್ವಸಂಸ್ಥೆ ತಿಂಗಳಿಗೊಮ್ಮೆ ಪಟ್ಟಿ ಹೊರಡಿಸುತ್ತದೆ. ಸ್ವಂತ ಸಮೀಕ್ಷೆಗೆ ಸಮಯವಿಲ್ಲದವರು ಈ ಪಟ್ಟಿಗಳಲ್ಲಿ ತಮ್ಮ ನಗರದ ಅಂಕಿ ಎಷ್ಟು ಶೇಕಡಾ ಏರಿತೆಂದು ನೋಡಿ ತಮ್ಮ ದರವನ್ನೂ ಅಷ್ಟೇ ಏರಿಸಬಹುದು.

ವರ್ಷ ಮುಗಿಯುವವರೆಗೆ ಕಾಯಬೇಕೆಂದೇನೂ ಇಲ್ಲ, ಅರ್ಜಿಗಳೇ ಹೇಳುತ್ತವೆ. ಆ ನಗರದ ನಾಲ್ಕು ಪ್ರವಾಸಗಳಲ್ಲಿ ಒಂದಕ್ಕಿಂತ ಹೆಚ್ಚು ಮಿತಿ ಮೀರುವ ಅನುಮತಿ ಕೇಳುತ್ತಿದ್ದರೆ ತಪ್ಪು ಪ್ರವಾಸಿಗಳದಲ್ಲ, ಮಿತಿಯದು. ಎಲ್ಲ ಬಿಲ್ಲುಗಳೂ ಮಿತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದರೆ ಜನ ಮಿತಿಯನ್ನೇ ಗುರಿ ಮಾಡಿಕೊಂಡಿದ್ದಾರೆ, ಅದು ಸ್ವಲ್ಪ ಸಡಿಲವಿರಬಹುದು. ಯಾರೂ ಅನುಮತಿಯನ್ನೇ ಕೇಳುತ್ತಿಲ್ಲ, ಆದರೆ ಊರಾಚೆಯ ಹೋಟೆಲಿನ ಬಿಲ್ಲು, ಜೊತೆಗೆ ಬೆಳಿಗ್ಗೆ ಸಂಜೆಯ ಟ್ಯಾಕ್ಸಿ ಬಿಲ್ಲು ಬರುತ್ತಿವೆ ಎಂದರೆ ರೂಮಿನಲ್ಲಿ ಉಳಿಸಿದ್ದು ರಸ್ತೆಯಲ್ಲಿ ಹೋಗುತ್ತಿದೆ. ಎರಡೂ ಬಿಲ್ಲು ಕೂಡಿಸಿ ಕೆಲಸದ ಜಾಗದ ಹತ್ತಿರದ ಹೋಟೆಲಿನ ದರಕ್ಕೆ ಹೋಲಿಸಿ, ಬಂದ ಅಂಕಿಯನ್ನು ಮುಂದಿನ ಮಿತಿಗೆ ಬಳಸಿ.